ಎಂಡಿ5ಸಮ್ ಹೊಂದುತ್ತಿಲ್ಲ, ಡೇಟಾ ಮಾತ್ರ ಒಂದೇ ಇರಬಹುದಾ? ನೆಟ್‌ಸಿಡಿಎಫ್ ಫೈಲ್ ಹೋಲಿಸುವವರು ದಯವಿಟ್ಟು ನೋಡಿ

ಮಳೆಕೋಶ:
ಎಲ್ಲರಿಗೂ ನಮಸ್ಕಾರ. ಭಾರತೀಯ ಹವಾಮಾನ ಇಲಾಖೆಯ 0.25 ಡಿಗ್ರಿ ದೈನಂದಿನ ಮಳೆ ಡೇಟಾ ಗೊತ್ತಲ್ವಾ, ಅದರ ಮೇಲೆ ಕೆಲಸ ಮಾಡುತ್ತಿದ್ದೇನೆ. ರೇಖಾಂಶಕ್ಕೆ 135, ಅಕ್ಷಾಂಶಕ್ಕೆ 129 ಬಿಂದುಗಳ ಗ್ರಿಡ್. ಅದರಿಂದ ನಮ್ಮ ಲ್ಯಾಬಿನ ಫೋರ್ಟ್ರಾನ್ ಪ್ರೋಗ್ರಾಂ ನೆಟ್‌ಸಿಡಿಎಫ್ (ಗ್ರಿಡ್ ಡೇಟಾ ಇಡುವ ಒಂದು ಫೈಲ್ ಮಾದರಿ) ಫೈಲಿಗೆ ಮೂರು ವೇರಿಯಬಲ್ ಬರೆಯುತ್ತದೆ: ಪ್ರತಿ ದಿನಕ್ಕೂ ಹಿಂದಿನ ಏಳು ದಿನಗಳ ಒಟ್ಟು ಮಳೆ, ತಿಂಗಳಿಗೆ ಎಷ್ಟು ಮಳೆ ದಿನ (2.5 ಮಿ.ಮೀ. ಅಥವಾ ಜಾಸ್ತಿ ಬಿದ್ದ ದಿನ), ಮತ್ತು ಏಳು ದಿನದ ಮೊತ್ತ ಪೂರ್ತಿ ಸೊನ್ನೆ ಇರುವ ಒಣ ವಾರಗಳ ಎಣಿಕೆ.

ಈಗ ಹೊಸ ಕ್ಲಸ್ಟರ್‌ಗೆ ಬಂದಿದ್ದೇವೆ. ಕಂಪೈಲರ್ ಬದಲಾಗಿದೆ. ಪ್ರೋಗ್ರಾಂ ಕೂಡ ಸ್ವಲ್ಪ ವೇಗವಾಗಲಿ ಎಂದು ತಿದ್ದಲಾಗಿದೆ. ಹಳೆಯ ಔಟ್‌ಪುಟ್ ಮತ್ತು ಹೊಸ ಔಟ್‌ಪುಟ್ ಎರಡಕ್ಕೂ ಎಂಡಿ5ಸಮ್ (ಫೈಲಿನ ಬೈಟ್‌ಗಳಿಂದ ತೆಗೆಯುವ ಬೆರಳಚ್ಚಿನಂಥ ಸಂಖ್ಯೆ) ಹಾಕಿದರೆ ಒಂದು ಫೈಲೂ ಹೊಂದುತ್ತಿಲ್ಲ. ಎನ್‌ಸಿಡಂಪ್‌ನಿಂದ ಟೆಕ್ಸ್ಟ್ ಮಾಡಿ, ಸಾಲು ಸಾಲಾಗಿ ಹೋಲಿಸುವ ಡಿಫ್ ಕೊಡೋಣ ಅಂದರೆ ಫೈಲ್ ತೆರೆಯಲೂ ಆಗದಷ್ಟು ದೊಡ್ಡದು. ಗೈಡ್ ಕೇಳುತ್ತಿರುವುದು ಒಂದೇ ಮಾತು: ಎರಡೂ ಒಂದೇನಾ, ಅಲ್ವಾ? ನೀವೆಲ್ಲ ಇದಕ್ಕೆ ಏನು ಬಳಸುತ್ತೀರಿ?

ಕಡತಪಾಲಕ:
ಎಂಡಿ5ಸಮ್ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಬೈಟ್‌ಗಳು ಒಂದೇನಾ ಅಂತ ಅಷ್ಟೇ. ನೆಟ್‌ಸಿಡಿಎಫ್-4 ಫೈಲ್ ಒಳಗಡೆ ಎಚ್‌ಡಿಎಫ್5 ಎಂಬ ಇನ್ನೊಂದು ಫೈಲ್ ಮಾದರಿ. ಅದರಲ್ಲಿ ಕಂಪ್ರೆಷನ್ ಮಟ್ಟ ಬದಲಾದರೂ, ಚಂಕ್ (ಡೇಟಾ ಕತ್ತರಿಸಿ ಇಡುವ ತುಂಡು) ಗಾತ್ರ ಬದಲಾದರೂ, ಲೈಬ್ರರಿ ಆವೃತ್ತಿ ಬದಲಾದರೂ ಬೈಟ್‌ಗಳು ಬದಲಾಗುತ್ತವೆ. ಒಂದು ಸಂಖ್ಯೆಯೂ ಕದಲಿರುವುದಿಲ್ಲ. ಹಿಸ್ಟರಿ ಅಟ್ರಿಬ್ಯೂಟಿನಲ್ಲಿ (ಫೈಲ್ ಹೇಗೆ ತಯಾರಾಯಿತು ಎಂಬ ಟಿಪ್ಪಣಿ) ಓಡಿಸಿದ ದಿನ, ಗಂಟೆ ಬರೆದಿದ್ದರೆ ಅಷ್ಟೇ ಸಾಕು, ಎಂಡಿ5ಸಮ್ ಹೊಂದುವುದಿಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಎನ್‌ಸಿಡಂಪ್ -ಕೆ. ಎರಡೂ ಫೈಲ್ ಯಾವ ಬಗೆಯವು ಎಂದು ಗೊತ್ತಾಗುತ್ತದೆ. ಒಂದು ಹಳೆ ಕ್ಲಾಸಿಕ್ ಮಾದರಿ, ಇನ್ನೊಂದು ನೆಟ್‌ಸಿಡಿಎಫ್-4 ಇದ್ದರೆ ಅಲ್ಲೇ ಎಷ್ಟೋ ವಿಷಯ ತಿಳಿಯಿತು. ಆಮೇಲೆ ಎನ್‌ಸಿಡಂಪ್ -ಎಚ್ ಕೊಟ್ಟು ಹೆಡರ್ ಮಾತ್ರ ತೆಗೆದು, ಆ ಎರಡು ಸಣ್ಣ ಟೆಕ್ಸ್ಟ್‌ಗಳಿಗೆ ಮಾಮೂಲಿ ಡಿಫ್ ಹಾಕಿ. ಯೂನಿಟ್, ಫಿಲ್ ವ್ಯಾಲ್ಯೂ (ಡೇಟಾ ಇಲ್ಲದ ಕಡೆ ತುಂಬುವ ಬೆಲೆ), ಕ್ಯಾಲೆಂಡರ್, ಡೈಮೆನ್ಷನ್ ಇವು ಮೂರು ನಾಲ್ಕು ಸಾಲಿನಲ್ಲಿ ಎದ್ದು ಕಾಣುತ್ತವೆ.

ಇದಾದ ಮೇಲೆ ಎರಡು ನೆಟ್‌ಸಿಡಿಎಫ್ ಫೈಲ್ ಹೋಲಿಸುವ ಟೂಲ್ ಎನ್‌ಸಿಸಿಎಂಪಿ. -ಡಿ ಅಂದರೆ ಡೇಟಾ, -ಎಂ ಅಂದರೆ ಮೆಟಾಡೇಟಾ, -ಎಫ್ ಅಂದರೆ ಮೊದಲ ವ್ಯತ್ಯಾಸಕ್ಕೇ ನಿಲ್ಲದೆ ಮುಂದುವರಿ. ಈ -ಎಫ್ ಮರೆತರೆ ಅದು ಒಂದೇ ಸಾಲು ಹೇಳಿ ಸುಮ್ಮನಾಗುತ್ತದೆ. ಒಂದೇ ಒಂದು ಕಡೆ ವ್ಯತ್ಯಾಸ ಇದೆ ಅಂತ ನೀವು ತಿಳಿದುಕೊಳ್ಳುತ್ತೀರಿ.

ಹಳೆಫೋರ್ಟ್ರಾನ್:
ಅದಕ್ಕೂ ಮೊದಲು ಇನ್ನೊಂದು ಹೆಜ್ಜೆ ಇದೆ. ಇನ್‌ಪುಟ್ ಒಂದೇನಾ? ಹವಾಮಾನ ಇಲಾಖೆಯ ಜಿಆರ್‌ಡಿ ಫೈಲಿಗೆ ಹೆಡರ್ ಇಲ್ಲ, ಬರೀ ಸಂಖ್ಯೆಗಳ ಸಾಲು. ಹಾಗಾಗಿ ಅಲ್ಲಿ ಎಂಡಿ5ಸಮ್ಮೇ ಸರಿಯಾದ ಸಾಧನ. ಹಳೆ ಮಷೀನಿನ ಪ್ರತಿ, ಹೊಸ ಮಷೀನಿನ ಪ್ರತಿ ಎರಡಕ್ಕೂ ಹಾಕಿ. ಗಾತ್ರವನ್ನೂ ನೋಡಿ. ಒಂದು ದಿನಕ್ಕೆ 135 × 129 × 4 = 69,660 ಬೈಟ್. ಮಾಮೂಲಿ ವರ್ಷಕ್ಕೆ 2,54,25,900. ಅಧಿಕ ವರ್ಷಕ್ಕೆ 2,54,95,560. ಇದಕ್ಕೆ ಒಂದು ಬೈಟ್ ಹೆಚ್ಚುಕಡಿಮೆ ಇದ್ದರೂ ಡೌನ್‌ಲೋಡ್ ಕೆಟ್ಟಿದೆ ಎಂದೇ ಅರ್ಥ. ಇನ್‌ಪುಟ್ ಖಾತ್ರಿಯಾಗದೆ ಔಟ್‌ಪುಟ್ ಹೋಲಿಸಿದರೆ ಎಲ್ಲಿ ಹುಡುಕಬೇಕು ಎಂಬುದೇ ತಿಳಿಯುವುದಿಲ್ಲ.

ಉಪಗ್ರಹಚಿತ್ರ:
ಎಚ್‌ಡಿಎಫ್5 ಇನ್‌ಸ್ಟಾಲ್ ಆಗಿದ್ದರೆ ಎರಡು ಫೈಲ್ ಹೋಲಿಸುವ ಎಚ್5ಡಿಫ್ ಅದರ ಜೊತೆಗೇ ಬಂದಿರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ಕ್ಲಸ್ಟರ್‌ನಲ್ಲಿ ಅನುಮತಿ ಇಲ್ಲದವರಿಗೆ ಇದೇ ಸುಲಭ. ನೆಟ್‌ಸಿಡಿಎಫ್-4 ಫೈಲನ್ನೂ ಓದುತ್ತದೆ. ಕ್ಲಾಸಿಕ್ ಫೈಲ್ ಓದುವುದಿಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಎರಡು ಫೈಲಿನ ಹೆಸರು ಮಾತ್ರ ಕೊಟ್ಟರೆ ಎಚ್5ಡಿಫ್ ಎರಡರಲ್ಲೂ ಒಂದೇ ಪಾತ್ ಇರುವ ಡೇಟಾಸೆಟ್‌ಗಳನ್ನು ಮಾತ್ರ ಹೋಲಿಸುತ್ತದೆ. ಹೊಸ ಫೈಲಿನಲ್ಲಿ ಒಂದು ಡೇಟಾಸೆಟ್ ಬಿಟ್ಟೇ ಹೋಗಿದ್ದರೆ ಪರದೆಯ ಮೇಲೆ ಏನೂ ಕಾಣದೆ ಇರಬಹುದು. ಅದಕ್ಕೇ ನಾನು ಯಾವಾಗಲೂ ಮೊದಲ ಸಲ -ವಿ ಹಾಕಿ ಓಡಿಸುತ್ತೇನೆ. ಆಗ ಫೈಲ್ 1, ಫೈಲ್ 2 ಎಂದು ಎರಡು ಕಾಲಂ ಬರುತ್ತದೆ, ಯಾವುದು ಎಲ್ಲಿ ಇದೆಯೋ ಅಲ್ಲಿ ಎಕ್ಸ್ ಗುರುತು ಇರುತ್ತದೆ. ಒಂದೇ ಎಕ್ಸ್ ಇರುವ ಸಾಲು ಕಂಡರೆ ಅದನ್ನೇ ಮೊದಲು ಬಗೆಹರಿಸಿಕೊಳ್ಳಿ.

ನನ್ನ ಕೆಲಸ ಇನ್‌ಸ್ಯಾಟ್-3ಡಿ ಹವಾಮಾನ ಉಪಗ್ರಹದ ಚಿತ್ರಗಳ ಮೇಲೆ. ಅಲ್ಲಿ ಇದು ಬಹಳ ಮುಖ್ಯ. ಇಮೇಜರ್‌ನ ಫೈಲಿನಲ್ಲಿ ಟಿಐಆರ್1 ಎಂಬ ಉಷ್ಣ ಅವಗೆಂಪು ಚಾನೆಲ್ಲಿಗೆ ತಾಪಮಾನ ನೇರವಾಗಿ ಇರುವುದಿಲ್ಲ. 10 ಬಿಟ್ ಕೌಂಟ್ ಒಂದು ಡೇಟಾಸೆಟ್‌ನಲ್ಲಿ, ಕೌಂಟ್‌ನಿಂದ ತಾಪಮಾನಕ್ಕೆ ಹೋಗುವ 1,024 ಅಂಕಿಗಳ ಕೋಷ್ಟಕ ಇನ್ನೊಂದರಲ್ಲಿ. ಚಿತ್ರದ ಡೇಟಾಸೆಟ್ ಒಂದನ್ನೇ ಹೋಲಿಸಿ "ವ್ಯತ್ಯಾಸ ಇಲ್ಲ" ಅಂದುಕೊಂಡರೆ, ಕೋಷ್ಟಕ ಬದಲಾಗಿ ಇಡೀ ಚಿತ್ರದ ತಾಪಮಾನ ಬದಲಾಗಿರುವುದು ಗೊತ್ತೇ ಆಗುವುದಿಲ್ಲ.

ಮಳೆಕೋಶ:
ತುಂಬಾ ಧನ್ಯವಾದ. ಇನ್‌ಪುಟ್ ಎಲ್ಲ ಹೊಂದಿದವು, ಗಾತ್ರವೂ ಸರಿ ಇದೆ. ಹೆಡರ್‌ನಲ್ಲಿ ಹಿಸ್ಟರಿ ಸಾಲು ಬಿಟ್ಟು ಬೇರೇನೂ ಬದಲಾಗಿಲ್ಲ. ಎಚ್5ಡಿಫ್ -ವಿ ಪಟ್ಟಿಯಲ್ಲಿ ಎಲ್ಲದಕ್ಕೂ ಎರಡೆರಡು ಎಕ್ಸ್ ಇವೆ.

ಎನ್‌ಸಿಸಿಎಂಪಿ ಮಾತ್ರ ಏಳು ದಿನದ ಮೊತ್ತಕ್ಕೆ ಸಾವಿರಾರು ಸಾಲು ಉಗುಳಿತು. ಒಂದು ಸಾಲು ಹೀಗಿದೆ: ಸ್ಥಾನ 193, 28, 34. ಹಳೆಯದು 112.40000, ಹೊಸದು 112.40001. ಬಹುತೇಕ ಎಲ್ಲ ಸಾಲೂ ಇದೇ ಥರ. ಸಣ್ಣ ಟಿ ಆಯ್ಕೆಗೆ (ಇಷ್ಟರವರೆಗಿನ ವ್ಯತ್ಯಾಸ ಬಿಟ್ಟುಬಿಡು ಎನ್ನುವ ಟಾಲರೆನ್ಸ್) 0.001 ಕೊಟ್ಟು ಓಡಿಸಿದರೆ ಆ ವೇರಿಯಬಲ್ ಪೂರ್ತಿ ಸ್ವಚ್ಛ. ಗೈಡ್‌ಗೆ "ಒಂದೇ" ಅಂತ ಹೇಳಿಬಿಡಬಹುದಾ?

ಹಳೆಫೋರ್ಟ್ರಾನ್:
ಸ್ವಲ್ಪ ತಡೆಯಿರಿ. ಆ ಸಾಲನ್ನು ಸರಿಯಾಗಿ ಓದೋಣ, ಅದರಲ್ಲಿ ಬಹಳ ಮಾಹಿತಿ ಇದೆ.

ಎನ್‌ಸಿಸಿಎಂಪಿ ಸೊನ್ನೆಯಿಂದ ಎಣಿಸುತ್ತದೆ. ಹಾಗಾಗಿ 193 ಅಂದರೆ ವರ್ಷದ 194ನೇ ದಿನ, ಮಾಮೂಲಿ ವರ್ಷದಲ್ಲಿ ಜುಲೈ 13. ಗ್ರಿಡ್ 6.5 ಡಿಗ್ರಿ ಉತ್ತರದಿಂದ, 66.5 ಡಿಗ್ರಿ ಪೂರ್ವದಿಂದ ಶುರು. 28 ಹೆಜ್ಜೆ ಮೇಲೆ ಹೋದರೆ 13.5, 34 ಹೆಜ್ಜೆ ಬಲಕ್ಕೆ ಹೋದರೆ 75.0. ಆಗುಂಬೆಯ ಕೋಶ ಅದು, ನಡು ಮಳೆಗಾಲ. ದೊಡ್ಡ ಸಂಖ್ಯೆಗಳು ಇರುವ ಜಾಗದಲ್ಲೇ ವ್ಯತ್ಯಾಸ ಬಂದಿದೆ.

ಇನ್ನು ವ್ಯತ್ಯಾಸದ ಗಾತ್ರ. ಜಾಸ್ತಿ ದಶಮಾಂಶ ಹಾಕಿಸಿ ನೋಡಿದರೆ 0.00000763 ಬರುತ್ತದೆ ಎಂದುಕೊಂಡಿದ್ದೇನೆ. ಸಿಂಗಲ್ ಪ್ರಿಸಿಷನ್‌ನಲ್ಲಿ (ಒಂದು ಸಂಖ್ಯೆಗೆ 4 ಬೈಟ್) 64ರಿಂದ 128ರ ನಡುವೆ ಅಕ್ಕಪಕ್ಕದ ಎರಡು ಸಂಖ್ಯೆಗಳ ಅಂತರವೇ ಅಷ್ಟು. ಅಂದರೆ ಕೊನೆಯ ಒಂದು ಬಿಟ್ ಹಾರಿದೆ. ಕೂಡುವ ಕ್ರಮ ಬದಲಾದರೆ ಇದು ಆಗುತ್ತದೆ. ಫ್ಲೋಟಿಂಗ್ ಪಾಯಿಂಟ್‌ನಲ್ಲಿ (ಅ + ಬ) + ಕ ಮತ್ತು ಅ + (ಬ + ಕ) ಯಾವಾಗಲೂ ಒಂದೇ ಬರುವುದಿಲ್ಲ. ಕಂಪೈಲರ್ ಬದಲಾದರೆ ಸಾಕು, ಆಪ್ಟಿಮೈಸೇಷನ್ ಮಟ್ಟ ಬದಲಾದರೂ ಸಾಕು.

ಮಳೆಯೇ ವರದಿಯಾಗುವುದು ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ. ಹಾಗಾಗಿ ಮಳೆಯ ಲೆಕ್ಕದಲ್ಲಿ ಈ ವ್ಯತ್ಯಾಸ ಏನೂ ಅಲ್ಲ. ಆದರೆ 0.001 ಅನ್ನು ನೀವು ಆರಿಸಿದ್ದು ಯಾಕೆ? ಅದು ಕೊಟ್ಟರೆ ಟೂಲ್ ಸುಮ್ಮನಾಯಿತು, ಅದಕ್ಕೆ. ಟಾಲರೆನ್ಸ್ ಹಾಗೆ ಆರಿಸಬಾರದು. ಆ ಸಂಖ್ಯೆಯನ್ನು ಮುಂದೆ ಏನಕ್ಕೆ ಬಳಸುತ್ತೀರಿ ಎಂದು ನೋಡಿ, ಟೂಲ್ ಓಡಿಸುವ ಮೊದಲೇ ಬರೆದಿಟ್ಟುಕೊಳ್ಳಬೇಕು. ವೇರಿಯಬಲ್‌ಗೆ ಒಂದೊಂದು. ನಿಮ್ಮ ಇನ್ನೆರಡು ವೇರಿಯಬಲ್ ಎಣಿಕೆಗಳು. ಎಣಿಕೆಗೆ ಟಾಲರೆನ್ಸ್ ಸೊನ್ನೆ. ಅವು ಏನಾದವು?

ಪೈಥಾನ್‌ಪ್ರಿಯ:
ಇಷ್ಟೆಲ್ಲ ಯಾಕೆ, ಪೈಥಾನ್‌ನ ಎಕ್ಸ್‌ಅರೇಯಲ್ಲಿ ತೆರೆದು ನಮ್‌ಪೈ ಆಲ್‌ಕ್ಲೋಸ್ ಕೊಟ್ಟರೆ ಒಂದೇ ಸಾಲಿನಲ್ಲಿ ಮುಗಿಯುತ್ತದಲ್ವಾ?

ಕಡತಪಾಲಕ:
ಮುಗಿಯುತ್ತದೆ, ಆದರೆ ಆಲ್‌ಕ್ಲೋಸ್ ಸರಿ ಅಥವಾ ತಪ್ಪು ಎಂದು ಒಂದೇ ಪದ ಹೇಳುತ್ತದೆ. ಎಲ್ಲಿ, ಎಷ್ಟು ಎಂಬುದು ಬೇಕಿದ್ದರೆ ಮತ್ತೆ ಕೋಡ್ ಬರೆಯಬೇಕು. ಅದರ ಡಿಫಾಲ್ಟ್‌ಗಳನ್ನೂ ತಿಳಿದಿರಬೇಕು: ಸಾಪೇಕ್ಷ ಟಾಲರೆನ್ಸ್ 1e-5, ನಿರಪೇಕ್ಷ ಟಾಲರೆನ್ಸ್ 1e-8, ಎರಡನ್ನೂ ಕೂಡಿಸಿ ಬಳಸುತ್ತದೆ, ಸಾಪೇಕ್ಷ ಭಾಗ ಎರಡನೇ ಅರೇಯ ಮೇಲೆ ನಿಂತಿದೆ. ಫೈಲ್‌ಗಳನ್ನು ಅದಲುಬದಲು ಮಾಡಿದರೆ ಅಪರೂಪಕ್ಕೆ ಉತ್ತರವೂ ಬದಲಾಗಬಹುದು.

ನ್ಯಾನ್ (ಇಲ್ಲಿ ಸಂಖ್ಯೆ ಇಲ್ಲ ಎಂಬ ಗುರುತು) ವಿಷಯದಲ್ಲಿ ಒಂದೊಂದು ಟೂಲ್ ಒಂದೊಂದು ಥರ. ಆಲ್‌ಕ್ಲೋಸ್ ತಾನಾಗಿ ಎರಡು ನ್ಯಾನ್‌ಗಳನ್ನು ಸಮ ಎನ್ನುವುದಿಲ್ಲ. ಎನ್‌ಸಿಸಿಎಂಪಿಯೂ ಎನ್ನುವುದಿಲ್ಲ, ದೊಡ್ಡ ಎನ್ ಆಯ್ಕೆ ಕೊಡಬೇಕು. ಎಚ್5ಡಿಫ್ ತಾನಾಗಿಯೇ ಸಮ ಎನ್ನುತ್ತದೆ, ಅಲ್ಲಿ ದೊಡ್ಡ ಎನ್ ಕೊಟ್ಟರೆ ನ್ಯಾನ್ ತಪಾಸಣೆಯೇ ನಿಲ್ಲುತ್ತದೆ. ಸಮುದ್ರದ ಕೋಶಗಳಲ್ಲೆಲ್ಲ ನ್ಯಾನ್ ತುಂಬಿದ ಫೈಲಿಗೆ ಇದು ದೊಡ್ಡ ವಿಷಯ.

ಪೈಥಾನ್‌ಪ್ರಿಯ:
ಹೌದು, ಒಪ್ಪಿದೆ. ಹಾಗಾದರೆ ನಿರಪೇಕ್ಷ ವ್ಯತ್ಯಾಸದ ಬದಲು ಶೇಕಡಾ ಲೆಕ್ಕ ಹಾಕಿದರೆ? ಎನ್‌ಸಿಸಿಎಂಪಿಯ ದೊಡ್ಡ ಟಿ ಅದೇ ಅಲ್ವಾ?

ಹಳೆಫೋರ್ಟ್ರಾನ್:
ತಾಪಮಾನ ಕೆಲ್ವಿನ್‌ನಲ್ಲಿದ್ದರೆ, ಒತ್ತಡ ಪ್ಯಾಸ್ಕಲ್‌ನಲ್ಲಿದ್ದರೆ ಚೆನ್ನಾಗಿ ನಡೆಯುತ್ತದೆ. ಮಳೆಗೆ ನಡೆಯುವುದಿಲ್ಲ. ಮಳೆಯ ಗ್ರಿಡ್‌ನಲ್ಲಿ ಎಲ್ಲೆಲ್ಲೂ ಸೊನ್ನೆ. ಎಚ್5ಡಿಫ್‌ನ -ಪಿ ವ್ಯತ್ಯಾಸವನ್ನು ಒಂದು ಫೈಲಿನ ಬೆಲೆಯಿಂದ ಭಾಗಿಸುತ್ತದೆ. ಅಲ್ಲಿ ಸೊನ್ನೆ ಇದ್ದರೆ ಹೋಲಿಸಲು ಆಗುವುದಿಲ್ಲ ಎಂದುಬಿಡುತ್ತದೆ. ಒಂದು ಕಡೆ 0.0000001, ಇನ್ನೊಂದು ಕಡೆ 0.0000002 ಇದ್ದರೆ ದೊಡ್ಡ ಶೇಕಡಾ ತೋರಿಸಿ ಹೆದರಿಸುತ್ತದೆ. ಮಳೆಗೆ ನಿರಪೇಕ್ಷವೇ ಸರಿ.

ಮಳೆಕೋಶ:
ಸರ್, ನೀವು ಹೇಳಿದ ಹಾಗೆ ಎಣಿಕೆಗಳನ್ನು ಟಾಲರೆನ್ಸ್ ಇಲ್ಲದೆ ನೋಡಿದೆ. ಮಳೆ ದಿನಗಳ ಎಣಿಕೆ ಪೂರ್ತಿ ಹೊಂದಿತು, ಒಂದು ಕೋಶದಲ್ಲೂ ವ್ಯತ್ಯಾಸ ಇಲ್ಲ. ಒಣ ವಾರಗಳ ಎಣಿಕೆ ಮಾತ್ರ ಪಶ್ಚಿಮ ಕರಾವಳಿಯ ಉದ್ದಕ್ಕೂ ಕೆಟ್ಟಿದೆ. ಹಳೆ ಫೈಲಿನಲ್ಲಿ ಚಳಿಗಾಲದಲ್ಲಿ ಹತ್ತಾರು ಇರುವ ಕಡೆ ಹೊಸದರಲ್ಲಿ ಸೊನ್ನೆ!

ಆ ಕೋಶಗಳಲ್ಲಿ ಏಳು ದಿನದ ಮೊತ್ತ ತೆಗೆದು ನೋಡಿದೆ. ಜನವರಿಯಲ್ಲಿ ಹಳೆಯದು 0. ಹೊಸದು 0.0000305. ಮರುದಿನವೂ 0.0000305. ಅದರ ಮರುದಿನವೂ. ಕೆಲವು ಕೋಶಗಳಲ್ಲಿ ಮೈನಸ್ 0.0000305 ಇದೆ. ಮಳೆ ಮೈನಸ್ ಹೇಗಾಗುತ್ತದೆ?

ಹಳೆಫೋರ್ಟ್ರಾನ್:
ಸಿಕ್ಕಿತು. ಮಳೆ ದಿನಗಳ ಎಣಿಕೆ ನೇರವಾಗಿ ದೈನಂದಿನ ಮಳೆಯಿಂದ ಬರುತ್ತದೆ, ಅದು ಹೊಂದಿದೆ. ಅಂದರೆ ಓದುವುದರಲ್ಲಿ, ಗ್ರಿಡ್‌ನಲ್ಲಿ ತೊಂದರೆ ಇಲ್ಲ. ತೊಂದರೆ ಏಳು ದಿನದ ಮೊತ್ತದಲ್ಲಿ ಮಾತ್ರ.

ವೇಗಕ್ಕಾಗಿ ತಿದ್ದಿದ್ದು ಅಂದಿರಲ್ಲ, ಆ ತಿದ್ದುಪಡಿ ಹೀಗಿರಬೇಕು: ಪ್ರತಿ ದಿನ ಏಳು ಸಂಖ್ಯೆಗಳನ್ನು ಹೊಸದಾಗಿ ಕೂಡುವ ಬದಲು, ನಿನ್ನೆಯ ಮೊತ್ತಕ್ಕೆ ಇಂದಿನ ಮಳೆ ಕೂಡಿಸಿ ಏಳು ದಿನದ ಹಿಂದಿನದನ್ನು ಕಳೆಯುವುದು. ಗಣಿತದಲ್ಲಿ ಎರಡೂ ಒಂದೇ. ಸಿಂಗಲ್ ಪ್ರಿಸಿಷನ್‌ನಲ್ಲಿ ಒಂದೇ ಅಲ್ಲ. ಮೊತ್ತ 300, 400 ಮಿ.ಮೀ. ಇರುವಾಗ ಕೂಡಿಸುವ ಕಳೆಯುವ ಪ್ರತಿ ಸಲವೂ ಸ್ವಲ್ಪ ದುಂಡಾಗುತ್ತದೆ. 256ರಿಂದ 512ರ ನಡುವೆ ಪಕ್ಕದ ಸಂಖ್ಯೆಗಳ ಅಂತರ 0.0000305, ನಿಮಗೆ ಕಂಡ ಸಂಖ್ಯೆಯೇ ಅದು. ಮಳೆಗಾಲ ಮುಗಿದು ಏಳು ದಿನದ ಮಳೆ ಎಲ್ಲ ಹೊರಗೆ ಹೋದಾಗ ಈ ಚೂರು ಉಳಿದುಕೊಳ್ಳುತ್ತದೆ. ಆಮೇಲೆ ದಿನಾ ಸೊನ್ನೆ ಕೂಡಿಸಿ ಸೊನ್ನೆ ಕಳೆದರೆ ಅದು ಹಾಗೇ ಇರುತ್ತದೆ. ಅದಕ್ಕೇ ದಿನವೂ ಅದೇ ಸಂಖ್ಯೆ. ಕೆಳಗೆ ದುಂಡಾಗಿದ್ದರೆ ಮೈನಸ್.

ಈಗ ನೋಡಿ: 0.001 ಟಾಲರೆನ್ಸ್‌ನಲ್ಲಿ ಮೊತ್ತದ ವೇರಿಯಬಲ್ ಪಾಸಾಯಿತು, ಅದು ಸರಿಯೇ. ಆದರೆ "ಮೊತ್ತ ಸೊನ್ನೆಗೆ ಸಮವೇ" ಎಂದು ಕೇಳುವ ಮುಂದಿನ ಹೆಜ್ಜೆಗೆ ಆ ಚೂರೇ ದೊಡ್ಡದಾಯಿತು. ಗೈಡ್‌ಗೆ "ಒಂದೇ" ಅಂದಿದ್ದರೆ ಒಣ ವಾರಗಳ ಲೆಕ್ಕ ಪೂರ್ತಿ ತಪ್ಪುತ್ತಿತ್ತು.

ಸರಿಪಡಿಸುವುದು ಸುಲಭ. ಏಳೇ ಸಂಖ್ಯೆ ತಾನೇ, ದಿನಾ ಹೊಸದಾಗಿ ಕೂಡಿಸಿ. ಕೂಡುವ ವೇರಿಯಬಲ್ ಡಬಲ್ ಪ್ರಿಸಿಷನ್ ಇರಲಿ. ಡಬಲ್ ಮಾಡಿ ಹಳೆ ಉಪಾಯವನ್ನೇ ಉಳಿಸಿಕೊಂಡರೆ ಚೂರು ಇನ್ನೂ ಸಣ್ಣದಾಗುತ್ತದೆ, ಹೋಗುವುದಿಲ್ಲ. ಸೊನ್ನೆಗೆ ಸಮವೇ ಎಂಬ ಪರೀಕ್ಷೆಯನ್ನೂ 0.05ಕ್ಕಿಂತ ಕಡಿಮೆಯೇ ಎಂದು ಬದಲಿಸುವುದು ಒಳ್ಳೆಯದು. ವರದಿಯಾಗುವ ಅತಿ ಸಣ್ಣ ಮಳೆಯ ಅರ್ಧ ಅದು.

ತಾರಾಗಣ:
ಈ ಚರ್ಚೆ ಓದಿ ಬಹಳ ಖುಷಿಯಾಯಿತು. ನಮ್ಮ ಖಗೋಳದ ಕಡೆಯವರಿಗೂ ಇದೇ ಗೋಳು. ಬ್ಯಾಲಾಳುವಿನ ಇಸ್ರೋ ಕೇಂದ್ರದಿಂದ ಬರುವ ಆಸ್ಟ್ರೋಸ್ಯಾಟ್ ಖಗೋಳ ಉಪಗ್ರಹದ ಡೇಟಾ ಫಿಟ್ಸ್ ಎಂಬ ಫೈಲ್ ಮಾದರಿಯಲ್ಲಿದೆ. ಪೈಪ್‌ಲೈನ್ ಮತ್ತೆ ಓಡಿಸಿದರೆ ಹೆಡರ್‌ನ ಡೇಟ್, ಚೆಕ್‌ಸಮ್ ಕೀಗಳು ಪ್ರತಿ ಸಲ ಬದಲಾಗುತ್ತವೆ. ಆಸ್ಟ್ರೋಪೈ ಜೊತೆ ಬರುವ ಫಿಟ್ಸ್‌ಡಿಫ್‌ಗೆ -ಕೆ ಕೊಟ್ಟು ಆ ಕೀಗಳನ್ನು ಬಿಡಲು ಹೇಳಬಹುದು, -ಎ ಮತ್ತು -ಆರ್‌ನಿಂದ ಎರಡು ಬಗೆಯ ಟಾಲರೆನ್ಸ್. ಡಬ್ಲ್ಯುಸಿಎಸ್ (ಆಕಾಶದ ಸ್ಥಾನ ಹೇಳುವ) ಕೀಗಳನ್ನು ಮಾತ್ರ ಬಿಡಲೇಬೇಡಿ. ಚಿತ್ರದ ಪಿಕ್ಸೆಲ್ ಎಲ್ಲ ಒಂದೇ ಇದ್ದು, ಆಕಾಶದಲ್ಲಿ ಅದು ಎಲ್ಲಿದೆ ಎಂಬ ಅಂಕಿ ಬದಲಾಗಿರುವುದು ಹೆಡರ್‌ನಲ್ಲೇ ಕಾಣುವುದು.

ಕಣಿವೆಗಾಳಿ:
ನನ್ನದು ಬೇರೆ ಪ್ರಶ್ನೆ. ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮಾಡೆಲ್ ಒಂದು ತಿಂಗಳು ಓಡಿಸುತ್ತೇನೆ. ಪ್ರೊಸೆಸರ್ ಸಂಖ್ಯೆ ಬದಲಿಸಿದರೆ ಕೊನೆಯ ವಾರದ ಮಳೆ ಪೂರ್ತಿ ಬೇರೆ ಜಾಗದಲ್ಲಿ ಬೀಳುತ್ತದೆ. ಇದಕ್ಕೆ ಯಾವ ಟಾಲರೆನ್ಸ್ ಕೊಡಲಿ?

ಹಳೆಫೋರ್ಟ್ರಾನ್:
ಕೊನೆಯ ವಾರಕ್ಕೆ ಯಾವ ಟಾಲರೆನ್ಸೂ ಅರ್ಥ ಕೊಡುವುದಿಲ್ಲ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 0.506127 ಬದಲು 0.506 ಕೊಟ್ಟು ಮಾಡೆಲ್ ಮತ್ತೆ ಓಡಿಸಿದಾಗ ಕಂಡದ್ದು ಇದನ್ನೇ. ವಾತಾವರಣದ ಮಾಡೆಲ್‌ನಲ್ಲಿ ಕೊನೆಯ ಬಿಟ್ಟಿನ ವ್ಯತ್ಯಾಸ ಬೆಳೆಯುತ್ತಾ ಹೋಗುತ್ತದೆ. ಹಾಗಾಗಿ ಮೊದಲ ಕೆಲವು ಟೈಮ್ ಸ್ಟೆಪ್ ಬರೆಸಿ ಅಲ್ಲಿ ಹೋಲಿಸಿ. ಅಲ್ಲಿ ಕೊನೆಯ ಅಂಕಿಗಳಷ್ಟೇ ಬದಲಾಗಿ, ನಿಧಾನವಾಗಿ ಬೆಳೆದರೆ ಸರಿ. ಮೊದಲ ಸ್ಟೆಪ್‌ನಲ್ಲೇ ಮೂರನೇ ಅಂಕಿ ಬದಲಾಗಿದ್ದರೆ ಎಲ್ಲೋ ದೋಷ ಇದೆ. ಡಬ್ಲ್ಯುಆರ್‌ಎಫ್ ಸೋರ್ಸ್ ಜೊತೆಗೇ ಡಿಫ್‌ಡಬ್ಲ್ಯುಆರ್‌ಎಫ್ ಎಂಬ ಪ್ರೋಗ್ರಾಂ ಬರುತ್ತದೆ. ಪ್ರತಿ ಫೀಲ್ಡಿಗೂ ಎಷ್ಟು ಅಂಕಿಗಳವರೆಗೆ ಹೊಂದಿದೆ ಎಂದು ಒಂದು ಕಾಲಂನಲ್ಲಿ ಹೇಳುತ್ತದೆ. ಅದನ್ನೇ ಬಳಸಿ. ಇಡೀ ತಿಂಗಳ ಹವಾಮಾನ ಒಂದೇನಾ ಎಂದು ತಿಳಿಯಬೇಕಿದ್ದರೆ ಸ್ವಲ್ಪ ಸ್ವಲ್ಪ ಬದಲಿಸಿದ ಅನೇಕ ಓಟಗಳ ಗುಂಪಿನೊಂದಿಗೆ ಹೋಲಿಸಬೇಕು. ಸಿಇಎಸ್‌ಎಂ ಎಂಬ ಜಾಗತಿಕ ಹವಾಮಾನ ಮಾಡೆಲಿನವರು ಹೊಸ ಮಷೀನಿಗೆ ಹೋದಾಗ ಮಾಡುವುದು ಅದನ್ನೇ.

ಉಪಗ್ರಹಚಿತ್ರ:
ಈರಾ5 (ಹವಾಮಾನದ ಮರುವಿಶ್ಲೇಷಣೆ ಡೇಟಾ) ಬಳಸುವವರಿಗೂ ಒಂದು ಮಾತು. ಹಳೆಯ ನೆಟ್‌ಸಿಡಿಎಫ್ ಡೌನ್‌ಲೋಡ್‌ಗಳಲ್ಲಿ ಬೆಲೆಗಳು 16 ಬಿಟ್ ಪೂರ್ಣಾಂಕಗಳಾಗಿ ಪ್ಯಾಕ್ ಆಗಿವೆ, ಸ್ಕೇಲ್ ಫ್ಯಾಕ್ಟರ್ ಮತ್ತು ಆಡ್ ಆಫ್‌ಸೆಟ್ ಪ್ರತಿ ಫೈಲಿಗೂ ಬೇರೆ. ಒಂದು ತಿಂಗಳು ಕೇಳಿದ ಫೈಲ್, ಒಂದು ವರ್ಷ ಕೇಳಿದ ಫೈಲ್ ಎರಡರಲ್ಲೂ ಅದೇ ದಿನದ ಅದೇ ತಾಪಮಾನ ಬೇರೆ ಬೇರೆ ಪೂರ್ಣಾಂಕವಾಗಿ ಕುಳಿತಿರುತ್ತದೆ. ಎಚ್5ಡಿಫ್‌ಗೆ ಈ ಸಂಪ್ರದಾಯ ಗೊತ್ತಿಲ್ಲ, ಎಲ್ಲವೂ ಬೇರೆ ಎನ್ನುತ್ತದೆ. ಹವಾಮಾನ ಡೇಟಾಕ್ಕೆಂದೇ ಇರುವ ಸಿಡಿಓ ಟೂಲ್ ಪ್ಯಾಕ್ ಬಿಚ್ಚಿಯೇ ಓದುತ್ತದೆ, ಹಾಗಾಗಿ ಇಲ್ಲಿ ಸಿಡಿಓ ಡಿಫ್‌ಎನ್ ಒಳ್ಳೆಯದು. ಆದರೂ ಪೂರ್ತಿ ಸಮ ಬರುವುದಿಲ್ಲ. ತಾಪಮಾನದ ಹರವು 60 ಕೆಲ್ವಿನ್ ಇದ್ದರೆ ಒಂದು ಹೆಜ್ಜೆ ಸುಮಾರು 0.0009 ಕೆಲ್ವಿನ್. ಅಷ್ಟು ವ್ಯತ್ಯಾಸ ಪ್ಯಾಕಿಂಗ್‌ನಿಂದಲೇ ಬರುತ್ತದೆ.

ಡಿಫ್‌ಎನ್‌ನಲ್ಲಿ ಇನ್ನೊಂದು ಅನುಕೂಲ: ದಿನಕ್ಕೊಂದು ಸಾಲು, ಅದರಲ್ಲಿ ಅತಿ ದೊಡ್ಡ ವ್ಯತ್ಯಾಸ. ಅಧಿಕ ವರ್ಷದ ಫೈಲಿನಲ್ಲಿ ಫೆಬ್ರವರಿ 28ರವರೆಗೆ ಸ್ವಚ್ಛ ಇದ್ದು, 29ರಿಂದ ಪ್ರತಿ ಸಾಲೂ ಕೆಟ್ಟಿದ್ದರೆ ಬೇರೆ ಏನೂ ಹುಡುಕಬೇಡಿ, ಕ್ಯಾಲೆಂಡರ್ ನೋಡಿ.

ಮಳೆಕೋಶ:
ಹೊಸದಾಗಿ ಕೂಡಿಸುವ ಹಾಗೆ ಪ್ರೋಗ್ರಾಂ ಬದಲಿಸಿ ಓಡಿಸಿದೆ. ಒಣ ವಾರಗಳ ಎಣಿಕೆ ಈಗ ಪೂರ್ತಿ ಹೊಂದಿತು. ಮೊತ್ತದಲ್ಲಿ ಕೊನೆಯ ಬಿಟ್ಟಿನ ವ್ಯತ್ಯಾಸ ಅಲ್ಲಲ್ಲಿ ಉಳಿದಿದೆ, ಜನವರಿಯಲ್ಲಿ ಎಲ್ಲೂ ಇಲ್ಲ, ಮೈನಸ್ ಎಲ್ಲೂ ಇಲ್ಲ. ವೇಗದಲ್ಲಿ ಗೊತ್ತಾಗುವಷ್ಟು ವ್ಯತ್ಯಾಸವೂ ಆಗಿಲ್ಲ. ಗೈಡ್‌ಗೆ ವೇರಿಯಬಲ್, ಟಾಲರೆನ್ಸ್, ಆ ಟಾಲರೆನ್ಸ್‌ಗೆ ಕಾರಣ ಎಂದು ಮೂರು ಕಾಲಂ ಬರೆದು ಕಳಿಸಿದೆ. ಅದನ್ನು ಪ್ರಬಂಧದ ಅನುಬಂಧದಲ್ಲಿ ಹಾಕಿ ಎಂದಿದ್ದಾರೆ. ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ.

ಎಲ್ಲ ವರ್ಷಗಳಿಗೂ ಇದನ್ನು ಸ್ಕ್ರಿಪ್ಟ್ ಮಾಡಬೇಕು. ಎಚ್5ಡಿಫ್ ಔಟ್‌ಪುಟ್ ಉದ್ದ ಬರುತ್ತದೆ ಎಂದು, ಮೊದಲ ಸಾಲುಗಳಷ್ಟೇ ತೋರಿಸುವ ಹೆಡ್‌ಗೆ ಪೈಪ್ ಮಾಡಿದರೆ, ವ್ಯತ್ಯಾಸ ಇದ್ದರೂ ಸ್ಕ್ರಿಪ್ಟ್ "ಸರಿ" ಎನ್ನುತ್ತಿದೆ. ಯಾಕೆ?

ಕಡತಪಾಲಕ:
ಬ್ಯಾಶ್‌ನಲ್ಲಿ ಪೈಪ್ ಹಾಕಿದರೆ ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್ (ಕೆಲಸ ಹೇಗೆ ಮುಗಿಯಿತು ಎಂದು ಹೇಳುವ ಸಂಖ್ಯೆ) ಮಾತ್ರ ಸಿಗುತ್ತದೆ, ಅಂದರೆ ಹೆಡ್‌ನದ್ದು. ಅದು ಯಾವಾಗಲೂ ಖುಷಿಯಾಗಿ ಸೊನ್ನೆ ಕೊಡುತ್ತದೆ. ಸ್ಕ್ರಿಪ್ಟ್ ಮೇಲ್ಗಡೆ ಪೈಪ್‌ಫೇಲ್ ಸೆಟ್ ಮಾಡಬಹುದು. ಅದಕ್ಕಿಂತ ಔಟ್‌ಪುಟ್ಟನ್ನು ಲಾಗ್ ಫೈಲಿಗೆ ಕಳಿಸಿ, ಕೋಡನ್ನು ತಕ್ಷಣ ಒಂದು ವೇರಿಯಬಲ್‌ಗೆ ಹಾಕಿಕೊಳ್ಳುವುದು ನನಗೆ ಇಷ್ಟ. ಎಚ್5ಡಿಫ್‌ನಲ್ಲಿ 0 ಅಂದರೆ ವ್ಯತ್ಯಾಸ ಇಲ್ಲ, 1 ಅಂದರೆ ಇದೆ, ಅದಕ್ಕಿಂತ ಜಾಸ್ತಿ ಅಂದರೆ ಹೋಲಿಸಲೇ ಆಗಲಿಲ್ಲ. ಈ ಕೊನೆಯದನ್ನು ಬೇರೆಯಾಗಿ ವರದಿ ಮಾಡಿಸಿ. ಫೈಲ್ ಹೆಸರು ತಪ್ಪಿದ್ದರೂ "ವ್ಯತ್ಯಾಸ ಇದೆ" ಎಂದು ಬಂದರೆ ನೀವು ಮತ್ತೆ ಆಗುಂಬೆಯಲ್ಲಿ ಹುಡುಕುತ್ತಾ ಕೂರುತ್ತೀರಿ.

ಹಿಸ್ಟರಿ ಅಟ್ರಿಬ್ಯೂಟಿನಿಂದ ಪ್ರತಿ ಸಲ 1 ಬರಬಾರದು ಎಂದರೆ ಎರಡು ಫೈಲಿನ ಹೆಸರಿನ ನಂತರ ಡೇಟಾಸೆಟ್‌ನ ಪಾತ್ ಕೊಡಿ. ಅದೊಂದನ್ನೇ ಹೋಲಿಸುತ್ತದೆ. ವೇರಿಯಬಲ್‌ಗೆ ಒಂದು ಸಾಲು, ಆ ಸಾಲಿನಲ್ಲೇ ಅದರ -ಡಿ ಬೆಲೆ. ನಿಮ್ಮ ಮೂರು ಕಾಲಂನ ಪಟ್ಟಿಯನ್ನೇ ಸ್ಕ್ರಿಪ್ಟ್ ಓದುವ ಹಾಗೆ ಮಾಡಿದರೆ ಅನುಬಂಧ ಮತ್ತು ಪರೀಕ್ಷೆ ಎರಡೂ ಒಂದೇ ಕಡೆ ಇರುತ್ತವೆ.

ಕಣಿವೆಗಾಳಿ:
ಮೊದಲ ಸ್ಟೆಪ್ ಹೋಲಿಸಿ ನೋಡಿದೆ. ಆರು ಅಂಕಿಯವರೆಗೆ ಹೊಂದಿದೆ. ಫೈಲ್‌ಗಳು ತುಂಬಾ ದೊಡ್ಡವು, ಎಚ್5ಡಿಫ್ ನಿಧಾನ. ಬೇರೆ ದಾರಿ ಇದೆಯಾ?

ಕಡತಪಾಲಕ:
ಸಮಾಂತರ ಎಚ್‌ಡಿಎಫ್5 ಕಟ್ಟಿದ್ದರೆ ಪಿಎಚ್5ಡಿಫ್ ಇರುತ್ತದೆ, ಎಂಪಿಐ ಮೂಲಕ ಓಡಿಸಬಹುದು. ಅದು ಕೆಲಸವನ್ನು ಡೇಟಾಸೆಟ್ ಪ್ರಕಾರ ಹಂಚುತ್ತದೆ, ಒಂದೇ ದೊಡ್ಡ ವೇರಿಯಬಲ್ ಇದ್ದರೆ ಉಪಯೋಗ ಕಡಿಮೆ. ನಿಮಗೆ ಬೇಕಾದ್ದು ಮೊದಲ ಕೆಲವು ಸ್ಟೆಪ್ ಅಷ್ಟೇ ತಾನೇ? ಫೈಲಿನಿಂದ ಬೇಕಾದ ಭಾಗ ತೆಗೆಯುವ ಎನ್‌ಸಿಕೆಎಸ್‌ನಿಂದ ಅಷ್ಟನ್ನೇ ಕತ್ತರಿಸಿ ಆಮೇಲೆ ಹೋಲಿಸಿ.